ಸಣ್ಣೀರಮ್ಮನ ಷಡ್ಜ

ನಮ್ಮೂರ ಬಾನುಲಿ ನಿಲಯದವರು ವಾದ್ಯವೃಂದದ ಇತಿಹಾಸ ಅಂತ ಒಂದು ಪುಸ್ತಕ ತಂದಿದ್ದಾರೆ. ಹೊಳೆಯುವ ಕಾಗದ, ಬಣ್ಣದ ಫೋಟೋಗಳು, ಬಂದುಹೋದ ನಿರ್ದೇಶಕರ ಮುಖಗಳು ಸಾಲಾಗಿ. ನನಗೂ ಒಂದು ಪ್ರತಿ ಕಳಿಸಿದ್ದಾರೆ, ಪುಣ್ಯಾತ್ಮರು. ವಾದ್ಯವೃಂದ ಕೊನೆಯ ಸಲ ನುಡಿಸಿದ ದಿನದ ಬಗ್ಗೆ ಅದರಲ್ಲಿ ಇರುವುದು ಒಂದೇ ಸಾಲು: ‘ಅಂದಿನ ಪ್ರಸಾರದಲ್ಲಿ ತಾಂತ್ರಿಕ ಕಾರಣಗಳಿಂದ ಅಡಚಣೆ ಉಂಟಾಯಿತು.’ ಓದಿ ಮೈಯೆಲ್ಲ ಉರಿದುಹೋಯಿತು. ತಾಂತ್ರಿಕ ಕಾರಣವಂತೆ. ಆ ತಾಂತ್ರಿಕ ಕಾರಣಕ್ಕೆ ಒಂದು ಹೆಸರಿತ್ತು, ಪುರಿಭಟ್ಟಿ ಸಣ್ಣೀರಮ್ಮ ಅಂತ. ಅವಳಿಗೊಬ್ಬ ಗಂಡನಿದ್ದ. ಅವರಿಬ್ಬರ ಹೆಸರು ಪುಸ್ತಕದಲ್ಲಿ ಎಲ್ಲಾದರೂ ಇದೆಯೇನೋ ಅಂತ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದೆ. ಕ್ಯಾಂಟೀನಿಗೆ ಹೊಸ ಮೇಜು ಬಂದದ್ದು ಬರೆದಿದ್ದಾರೆ, ಇದಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ನಾನು ಸುಭದ್ರಾ. ಆ ವಾದ್ಯವೃಂದದಲ್ಲಿ ಚೆಲ್ಲೋ ನುಡಿಸುತ್ತಿದ್ದವಳು. ಚೆಲ್ಲೋ ಪಿಟೀಲಿನ ಜಾತಿಯದೇ ವಾದ್ಯ, ಆದರೆ ಹೆಗಲ ಮೇಲೆ ಹೊರುವಂಥದ್ದಲ್ಲ, ಕುರ್ಚಿಯಲ್ಲಿ ಕೂತು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಹೆಂಗಸು ಹಾಗೆ ಕೂತು ನುಡಿಸುವುದೇ ಅಂತ ಮೊದಮೊದಲು ಊರೆಲ್ಲ ಆಡಿಕೊಂಡಿತು. ಆಡಿಕೊಂಡವರ ಎದುರಿಗೇ ಬದುಕಿ ತೋರಿಸಿದ್ದೇನೆ, ಆ ಮಾತು ಬೇರೆ. ಬೆಳಿಗ್ಗೆ ಪ್ರಸಾರ ಶುರುವಾಗುವ ಮುಂಚೆ ಷಡ್ಜ ಹಿಡಿಯುವುದು ನನ್ನ ಕೆಲಸ. ನಾನು ಕಮಾನು ಎಳೆದರೆ ಪಿಟೀಲು, ಸಿತಾರು, ಕೊಳಲು, ತಬಲಾ ಒಂದೊಂದಾಗಿ ಅದಕ್ಕೆ ಸೇರಿಕೊಳ್ಳುತ್ತಿದ್ದವು. ಅವೆಲ್ಲ ಸೇರಿದ ಮೇಲೆ ಊರು ಸೇರಿಕೊಳ್ಳುತ್ತಿತ್ತು.

ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ನಮ್ಮೂರಲ್ಲಿ ವಾದ್ಯವೃಂದ ಬೆಳಿಗ್ಗೆ ಯಾವ ಷಡ್ಜಕ್ಕೆ ಶ್ರುತಿ ಕೂಡಿಸುತ್ತದೋ ಊರಿಗೆಲ್ಲ ಅವತ್ತು ಅದೇ ಷಡ್ಜ. ಕುಕ್ಕರು ಅದರಲ್ಲೇ ಸೀಟಿ ಹಾಕಬೇಕು, ಸೈಕಲ್ ಬೆಲ್ಲು ಅದರಲ್ಲೇ ಹೊಡೆದುಕೊಳ್ಳಬೇಕು, ಮೇಕೆ ಅದರಲ್ಲೇ ಅರಚಬೇಕು. ಶಾಲೆಯ ಗಂಟೆ, ಕೈಜಾರಿದ ತಟ್ಟೆ, ಗಂಡ ಹೆಂಡಿರ ಜಗಳ, ಎಲ್ಲ ಅಲ್ಲಿಂದಲೇ ಶುರು. ಶ್ರುತಿ ಒಂಚೂರು ಏರಿತೋ, ತರಕಾರಿ ಗಾಡಿಯವರು ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿಕೊಂಡು ಬೆಲೆಯನ್ನು ಬೆರಳಲ್ಲಿ ತೋರಿಸುತ್ತಿದ್ದರು. ಇಳಿಯಿತೋ, ವಕೀಲರ ವಾದ ಕೇಳುತ್ತಾ ಜಡ್ಜರು ತೂಕಡಿಸುತ್ತಿದ್ದರು. ವಾದ್ಯವೃಂದಕ್ಕೆ ರಜೆಯಿದ್ದ ದಿನ ಹಿಂದಿನ ದಿನದ್ದೇ ಮುಂದುವರಿಯುತ್ತಿತ್ತು. ಯಂತ್ರದಿಂದ, ರೆಕಾರ್ಡಿನಿಂದ ಬಂದದ್ದನ್ನು ಊರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮನುಷ್ಯರು ಕೂತು ಒಬ್ಬರಿಗೊಬ್ಬರು ಕೂಡಿಸಿಕೊಂಡ ಶ್ರುತಿ ಮಾತ್ರ ಅದಕ್ಕೆ ಬೇಕಾಗಿತ್ತು.

ವಾದ್ಯವೃಂದ ಕಟ್ಟಿದವರು ಲಾರೆನ್ಸ್ ಮಾಸ್ತರು. ಪುಸ್ತಕದಲ್ಲಿ ಅವರದೊಂದು ಫೋಟೋ ಇದೆ, ಟೈ ಕಟ್ಟಿಕೊಂಡು ಬಿಗಿದುಕೊಂಡು ನಿಂತಿದ್ದಾರೆ. ಆ ಮನುಷ್ಯ ಟೈ ಕಟ್ಟಿದ್ದು ಫೋಟೋಕ್ಕೆ ಮಾತ್ರ, ಉಳಿದಂತೆ ಮಾಸಿದ ಶರಟು, ಜೇಬಲ್ಲಿ ಕಡ್ಲೇಪುರಿ. ಅವರು ಬ್ಯಾಂಡಿನಿಂದ ಬಂದವರು. ಮೊದಲ ದಿನ ಬ್ಯಾಂಡಿನವರ ಅಭ್ಯಾಸದಂತೆ ಗಟ್ಟಿಯಾಗಿ ಮೇಲಿನ ಶ್ರುತಿಗೆ ಕೂಡಿಸಿಬಿಟ್ಟರಂತೆ. ಮಧ್ಯಾಹ್ನದ ಹೊತ್ತಿಗೆ ನಿಲಯದ ಗೇಟಿನ ಮುಂದೆ ಊರಿನ ಮುದುಕ ಮುದುಕಿಯರೆಲ್ಲ ಬಂದು ನಿಂತಿದ್ದರು. ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ, ಮಾತಿಲ್ಲ. ಅಷ್ಟೆತ್ತರಕ್ಕೆ ಅವರ ಗಂಟಲು ಹತ್ತಲಾರದೆ ದನಿಯೇ ನಿಂತುಹೋಗಿತ್ತು. ಮಾಸ್ತರು ಹಣೆ ಚಚ್ಚಿಕೊಂಡು ಅಲ್ಲೇ ಶ್ರುತಿ ಇಳಿಸಿದರು. ಆವತ್ತಿನಿಂದ ಒಂದು ಪದ್ಧತಿ ಮಾಡಿದರು. ಪ್ರತಿವರ್ಷ ನಿಲಯದ ಹುಟ್ಟುಹಬ್ಬದ ದಿನ ಊರಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರನ್ನು ಕರೆತಂದು, ಕಾಫಿ ಕೊಟ್ಟು, ಮೈಕಿನ ಮುಂದೆ ಕೂರಿಸುವುದು. ಅವರಿಗೆ ಕಷ್ಟವಾಗದ ಹಾಗೆ ಒಂದು ಸಾ ಅನ್ನಬೇಕು. ಚೆಲ್ಲೋ ಅದನ್ನು ಹಿಡಿಯಬೇಕು. ಅದೇ ಆ ವರ್ಷದ ಶ್ರುತಿ. ‘ಎಳೆ ಗಂಟಲು ಇಳಿಯಬಲ್ಲದು, ಮುದಿ ಗಂಟಲು ಏರಲಾರದು. ಇಷ್ಟೂ ತಿಳಿಯದಿದ್ದರೆ ನಾವು ಸಂಗೀತ ಮಾಡಿ ಏನು ಬಂತು?’ ಅನ್ನುತ್ತಿದ್ದರು. ನನಗೆ ಚೆಲ್ಲೋ ಕಲಿಸುವಾಗ ಮೊದಲ ಪಾಠವೇ ಇದು.

ಹಾಗಾಗಿ ನಮ್ಮೂರಲ್ಲಿ ಕಾಲವನ್ನು ಗಂಟಲಿನಿಂದ ಅಳೆಯುವ ರೂಢಿ. ಇದು ಬಸಲಿಂಗಯ್ಯನ ಕಾಲದಲ್ಲಿ ಕಟ್ಟಿದ ಮನೆ, ನಮ್ಮ ದೊಡ್ಡವಳು ಚಂಪಾಬಾಯಿ ಕಾಲದಲ್ಲಿ ಹುಟ್ಟಿದ್ದು, ಹೀಗೆ. ಬಸಲಿಂಗಯ್ಯ ಸೌದೆ ಡಿಪೋದಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡ ಮನುಷ್ಯ. ಅವನ ಕಾಲದಲ್ಲಿ ಶ್ರುತಿ ಎಷ್ಟು ಕೆಳಗಿತ್ತೆಂದರೆ ಹಸುಗೂಸು ಅತ್ತರೂ ಪಕ್ಕದ ಮನೆಯವರು ಯಾರೋ ಯಜಮಾನರು ಕೆಮ್ಮುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಯಾರೂ ಗೊಣಗಲಿಲ್ಲ. ನಾಳೆ ನಮ್ಮ ಗಂಟಲಿಗೂ ಆ ಕುರ್ಚಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಚಂಪಾಬಾಯಿಯ ನಂತರ ಬಂದವಳೇ ಸಣ್ಣೀರಮ್ಮ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಪುರಿಭಟ್ಟಿ ಇಟ್ಟುಕೊಂಡವಳು. ಕಾದ ಮರಳಿನಲ್ಲಿ ಅಕ್ಕಿ ಹಾಕಿ ಪುರಿ ಹುರಿಯುತ್ತಾ, ಬಾಯಿಗೆ ಮಾತ್ರ ಬಿಡುವು ಕೊಡುತ್ತಿರಲಿಲ್ಲ. ಕಾರಣವಿತ್ತು. ಅವಳ ಗಂಡ ಜವರಯ್ಯನಿಗೆ ಕಣ್ಣಿಲ್ಲ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯನೇ ಆದರೂ ಹಿರಿಯರ ಕುರ್ಚಿಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದ. ಮದುವೆಯಾದ ಹೊಸದರಲ್ಲೇ ಸುಣ್ಣದ ಗೂಡಿನಲ್ಲಿ ಕೆಲಸ ಮಾಡುವಾಗ ಹೋದದ್ದು. ಅವತ್ತಿನಿಂದ ಅವಳೇ ಅವನಿಗೆ ಕಣ್ಣು, ಅದೂ ಬಾಯಿಂದ. ಭಟ್ಟಿಯ ಹಿಂದಿನ ಜಗಲಿಯಲ್ಲಿ ಅವನು ಕೂತಿರುತ್ತಿದ್ದ. ಇವಳು ಕೂತಲ್ಲಿಂದಲೇ ಬೀದಿಯನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ‘ಇಗಾ, ಕೇಳ್ತಾ? ಸೇಟು ಮಗ ಹೊಸಾ ಸ್ಕೂಟ್ರು ತಂದವ್ನೆ, ಕೆಂಪ್ಗದೆ, ಬೀಳ್ತನೆ ಈಗ.’ ‘ಹ್ಞೂ ಕಣೆ, ಕೇಳ್ತು’ ಅನ್ನುತ್ತಿದ್ದ ಅವನು. ಊಟಕ್ಕೆ ಕೂತರೆ, ‘ಇಗಾ, ಎಡಕ್ಕೆ ಮುದ್ದೆ, ಬಲಕ್ಕೆ ಸೊಪ್ಪು, ಉಪ್ಪು ಕಮ್ಮಿ ಅನ್ಬ್ಯಾಡ.’ ‘ಹ್ಞೂ ಕಣೆ, ಕೇಳ್ತು.’ ಗಂಡನ ಹೆಸರು ಹೇಳದ ಕಾಲದವಳು, ಇಗಾ ಅನ್ನುವುದೇ ಅವನ ಹೆಸರಾಗಿಬಿಟ್ಟಿತ್ತು. ಅವಳ ಷಡ್ಜ ಹಿಡಿಯುವಾಗಲೆಲ್ಲ ನನ್ನ ತಂತಿಗೆ ಕಾದ ಮರಳಿನ ಬಿಸಿ ತಾಗಿದ ಹಾಗೆ ಅನ್ನಿಸುತ್ತಿತ್ತು. ಕೆಳಗಿನ ಶ್ರುತಿ, ಆದರೆ ಗಟ್ಟಿ.

ಹೀಗಿರುವಾಗ ಬಂದರು ಹೊಸ ನಿರ್ದೇಶಕರು, ಚಂದ್ರಕೀರ್ತಿ. ಓದಿದವರು, ಕಿವಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ರಾಜಧಾನಿಯಲ್ಲಿ ಯಾವುದೋ ಸಮಾರಂಭದಲ್ಲಿ ನಮ್ಮ ವಾದ್ಯವೃಂದವನ್ನು ಯಾರೋ ಕೋಣದ ಬ್ಯಾಂಡು ಅಂದರಂತೆ. ಆ ಮಾತು ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಬಂದ ತಿಂಗಳೊಳಗೆ ಎಲ್ಲರನ್ನೂ ಸ್ಟುಡಿಯೋಗೆ ಕರೆದು, ಸ್ಟೂಲಿನ ಮೇಲೆ ಒಂದು ಕರೆಂಟಿನ ಶ್ರುತಿಪೆಟ್ಟಿಗೆ ಇಟ್ಟರು. ಕೆಂಪು ದೀಪ, ತೆಳ್ಳನೆಯ ಮೇಲಿನ ಷಡ್ಜ.

‘ಇನ್ನು ಮುಂದೆ ಇದಕ್ಕೆ ಕೂಡಿಸಬೇಕು. ನಾದಕ್ಕೆ ಹೊಳಪು ಬರತ್ತೆ. ಹೊರಗಿನ ದೊಡ್ಡ ವಾದ್ಯವೃಂದಗಳೆಲ್ಲ ಇಲ್ಲೇ ಇರೋದು, ನಾವು ಮಾತ್ರ ಬಾವಿಯಲ್ಲಿ ಕೂತಿದೀವಿ’ ಅಂದರು.

‘ಸರ್, ಇಷ್ಟು ಏರಿಸಿದರೆ ಊರಿನ ವಯಸ್ಸಾದವರಿಗೆಲ್ಲ ಮಾತು ನಿಂತುಹೋಗತ್ತೆ’ ಅಂದೆ ನಾನು.

‘ನಾಲ್ಕು ದಿನ ಕಷ್ಟ ಆಗತ್ತೆ ಸುಭದ್ರಮ್ಮ. ಆಮೇಲೆ ಹೊಂದ್ಕೋತಾರೆ.’

‘ಹೊಂದಿಕೊಳ್ಳೋಕೆ ಅದೇನು ಚಪ್ಪಲಿಯಾ ಸರ್? ಗಂಟಲು. ಬರಲ್ಲ ಅಂದ್ರೆ ಬರಲ್ಲ.’

ಅವರು ನನ್ನ ಕಡೆ ತುಂಬಾ ಸಮಾಧಾನದಿಂದ ನೋಡಿದರು. ಆ ಸಮಾಧಾನವೇ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ‘ನೀವೇ ಯೋಚನೆ ಮಾಡಿ. ಅವರು ಮಾತಾಡಿ ಈಗ ಆಗಬೇಕಾದ್ದು ಏನಿದೆ? ಆಡೋದನ್ನೆಲ್ಲ ಆಡಿ ಆಗಿದೆಯಲ್ಲ’ ಅಂದರು.

ಕೇಳಿದಿರಾ? ಆಡೋದನ್ನೆಲ್ಲ ಆಡಿ ಆಗಿದೆಯಂತೆ. ನಾನು ಕಮಾನನ್ನು ಸಡಿಲಿಸಿ ಪೆಟ್ಟಿಗೆಯಲ್ಲಿಟ್ಟೆ. ಆ ಶ್ರುತಿಗೆ ನಾನು ಕೂಡಿಸುವುದಿಲ್ಲ ಅಂದೆ. ಉಳಿದವರೂ ಇಡುತ್ತಾರೆ ಅಂದುಕೊಂಡಿದ್ದೆ. ಮೊದಲ ಪಿಟೀಲಿನ ಸೇತುರಾಮ ನನ್ನ ಮುಖ ನೋಡಿದ, ಶ್ರುತಿಪೆಟ್ಟಿಗೆಯ ಕಡೆ ನೋಡಿದ, ಮೆಲ್ಲಗೆ ಬಿರಡೆ ತಿರುಗಿಸಿ ತಂತಿ ಬಿಗಿಮಾಡತೊಡಗಿದ. ಅವನ ಹಿಂದೆ ಎಲ್ಲರೂ. ಆ ಮೇಲಿನ ಶ್ರುತಿಯಲ್ಲಿ ಪಿಟೀಲುಗಳು ನಿಜವಾಗಿ ಮಿನುಗಿದವು, ಅದನ್ನೂ ಹೇಳಲೇಬೇಕು. ‘ಸುಭದ್ರಾ, ಕೇಳು, ಹೇಗೆ ಮಿಂಚ್ತಾ ಇದೆ’ ಅಂದ ಸೇತುರಾಮ, ಮಕ್ಕಳ ಹಾಗೆ ಹಿಗ್ಗಿ. ಒಂದೇ ಸ್ಟುಡಿಯೋದಲ್ಲಿ ಜೀವಮಾನ ಕಳೆದವರು, ಪಾಪ, ಯಾರಾದರೂ ಭೇಷ್ ಅಂದಾರೆಂದು ಕಾದಿದ್ದರು. ಆದರೂ ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ.

ನನ್ನನ್ನು ರೆಕಾರ್ಡುಗಳ ಕೋಣೆಗೆ ಹಾಕಿದರು. ಧೂಳು ಒರೆಸುವ ಕೆಲಸ.

ಮೊದಲ ದಿನ ಊರಿನಲ್ಲಿ ಗಾಬರಿಯಾಯಿತು. ಬೆಳಿಗ್ಗೆ ಎದ್ದು ದೇವರ ಹೆಸರು ಹೇಳಲು ಹೋದ ಅಜ್ಜಂದಿರ ಬಾಯಿಂದ ಗಾಳಿ ಬಂತು. ಅಜ್ಜಿಯರು ಸೊಸೆಯರನ್ನು ಕೂಗಲು ಹೋಗಿ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯಲ್ಲಿ ಜಾಗ ಸಾಲಲಿಲ್ಲ. ಗಂಟಲಿಗೆ ಟಾರ್ಚು ಬಿಟ್ಟು ನೋಡಿದ ಡಾಕ್ಟರು ಏನೂ ಆಗಿಲ್ಲ, ವಯಸ್ಸು ಅಂದು ಕಳಿಸಿದರು. ಎರಡನೇ ದಿನ ಒಂದಷ್ಟು ಜನ ನಿಲಯಕ್ಕೆ ಬಂದು ಕೂಗಾಡಿದರು. ನಿರ್ದೇಶಕರು ಹೊರಗೆ ಬಂದು ಕೈಮುಗಿದು, ಸ್ವಲ್ಪ ದಿನ ಸಹಕರಿಸಿ ಅಂದರು.

ಊರು ಸಹಕರಿಸಿಯೇಬಿಟ್ಟಿತು. ಅಂಗಡಿಗಳಲ್ಲಿ ಚಿಕ್ಕ ಗಂಟೆಗಳು ಬಂದವು, ಮುದುಕರ ಗಂಟೆ ಅಂತಲೇ ಹೆಸರು. ನೀರು ಬೇಕಾದರೆ ಒಂದು ಸಲ ಅಲ್ಲಾಡಿಸುವುದು, ಬಚ್ಚಲಿಗೆ ಹೋಗಬೇಕಾದರೆ ಎರಡು ಸಲ. ಮನುಷ್ಯನಿಗೆ ಬೇಕಾದದ್ದು ಇಷ್ಟೇ ಅನ್ನುವ ಹಾಗೆ. ಆಸ್ತಿ ವಿಷಯಕ್ಕೆ ಜಗಳ ಕಾಯುತ್ತಿದ್ದ ಮನೆಗಳು ತಣ್ಣಗಾದವು. ನನ್ನ ಪಕ್ಕದ ಮನೆಯಾಕೆ, ಒಳ್ಳೆಯ ಹೆಂಗಸೇ, ಒಗೆದ ಬಟ್ಟೆ ಹರವುತ್ತಾ ಹೇಳಿದಳು, ‘ಏನೇ ಹೇಳಿ ಸುಭದ್ರಕ್ಕ, ಅತ್ತೆ ಬಾಯಿ ಮುಚ್ಚಿದ ಮೇಲೆ ಮನೇಲಿ ಒಂಥರಾ ನೆಮ್ಮದಿ.’ ಅವಳ ಅತ್ತೆ ಕಿಟಕಿಯ ಒಳಗೇ ಕೂತಿದ್ದರು. ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲವಲ್ಲ. ಅವರು ನನ್ನನ್ನು ನೋಡಿದ ನೋಟ ನೋಡಲಾರದೆ ನಾನು ಒಳಗೆ ಹೋದೆ. ಇತ್ತ ವಾದ್ಯವೃಂದಕ್ಕೆ ರಾಜಧಾನಿಯಿಂದ ಪ್ರಶಸ್ತಿ ಬಂತು. ಸೇತುರಾಮ ತನ್ನ ತಾಯಿಗೂ ಒಂದು ಗಂಟೆ ಕೊಂಡುಕೊಟ್ಟಿದ್ದ, ಬೆಳ್ಳಿಯದು.

ಒಂದು ಸಂಜೆ ಪುರಿ ತರುವ ನೆಪ ಮಾಡಿಕೊಂಡು ಸಣ್ಣೀರಮ್ಮನ ಭಟ್ಟಿಗೆ ಹೋದೆ. ಮರಳು ಕಾಯುತ್ತಿತ್ತು, ಅವಳು ಹುರಿಯುತ್ತಿದ್ದಳು. ಆ ಜಾಗದಲ್ಲಿ ಅಷ್ಟು ಮೌನವನ್ನು ನಾನು ಕಂಡೇ ಇರಲಿಲ್ಲ. ನನ್ನನ್ನು ನೋಡಿ ಬಾಯಿ ತೆರೆದಳು, ಮತ್ತೆ ನೆನಪಾಗಿ ಮುಚ್ಚಿದಳು. ಜಗಲಿಯಲ್ಲಿ ಜವರಯ್ಯ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಮುಂದೆ ತಟ್ಟೆಯಲ್ಲಿ ಮುದ್ದೆ ಹಾಗೇ ಒಣಗಿತ್ತು.

‘ಯಾರು?’ ಅಂದ. ಅವನಿಗೆ ಮೊದಲಿನಿಂದಲೂ ಕೀರಲು ದನಿ, ಏರಿಸಿದ ಶ್ರುತಿಯಲ್ಲೂ ಕಷ್ಟಪಟ್ಟು ಮಾತು ಹೊರಡುತ್ತಿತ್ತು.

‘ನಾನು ತಾತ, ಸುಭದ್ರಾ. ರೇಡಿಯೋದವಳು.’

‘ಬಾರವ್ವ.’ ಆಮೇಲೆ ದನಿ ತಗ್ಗಿಸಿ ಕೇಳಿದ, ‘ಗಂಟ್ಲು ಕಟ್ಟದೆ ಅಂತ ಎಲ್ರೂ ಅಂತರೆ, ನೀನಾರ ನಿಜ ಹೇಳು. ಅವ್ಳು ಹೋಗ್ಬುಟ್ಳಾ?’

‘ಏನು ತಾತ ಹಾಗಂದ್ರೆ, ಇಲ್ಲೇ ಇದ್ದಾಳೆ. ಇಗೋ, ನಿನ್ನ ಪಕ್ಕದಲ್ಲೇ.’

ಸಣ್ಣೀರಮ್ಮ ಸೌಟು ಬಿಟ್ಟು ಓಡಿಬಂದು ಅವನ ಕೈ ಹಿಡಿದುಕೊಂಡಳು. ಅವನು ಆ ಕೈಯನ್ನು ಸವರಿದ, ಬೆರಳು ಬೆರಳಾಗಿ.

‘ಕೈಯೇನೋ ಅವಳ್ದೇಯ. ದಿನಾ ಬತ್ತದೆ, ಅನ್ನ ಇಕ್ತದೆ, ನೀರು ಕೊಡ್ತದೆ. ಅವ್ಳೆಲ್ಲವ್ಳೆ?’ ಅಂದ. ‘ಇಷ್ಟು ವರ್ಸದಲ್ಲಿ ಅವ್ಳು ಒಂದೊತ್ತು ಸುಮ್ಕಿದ್ದೋಳಲ್ಲ. ನನ್ ಮ್ಯಾಲೆ ಮುನುಸ್ಕಂಡವ್ಳೇನೋ ಅಂತ ಕೇಳ್ದೆ. ಕೈ ಅಲ್ಲಾಡ್ತು. ಕೈ ಅಲ್ಲಾಡಿದ್ದು ಹೌದು ಅಂತ್ಲೋ ಅಲ್ಲ ಅಂತ್ಲೋ ನಂಗೇನ್ ಗೊತ್ತಾದದವ್ವ?’

ಸಣ್ಣೀರಮ್ಮ ಎದ್ದು ಸೌಟು ತಂದು ಬಾಣಲೆಗೆ ಬಡಿದಳು, ಇಲ್ಲಿದ್ದೀನಿ ಅನ್ನುವ ಹಾಗೆ. ಸೌಟು ಕೂಡ ಆ ದರಿದ್ರ ಮೇಲಿನ ಷಡ್ಜದಲ್ಲೇ ಕಿರುಗುಟ್ಟಿತು. ಜವರಯ್ಯ ಕಿವಿ ಮುಚ್ಚಿಕೊಂಡ. ಅವಳು ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಳುವಿಗೂ ಸದ್ದಿರಲಿಲ್ಲ. ಹೆಂಡತಿ ತನ್ನ ಪಕ್ಕದಲ್ಲೇ ಕೂತು ಅಳುತ್ತಿರುವುದು ಆ ಮನುಷ್ಯನಿಗೆ ಗೊತ್ತೇ ಆಗಲಿಲ್ಲ.

ಮಾರನೇ ದಿನವೇ ನಿರ್ದೇಶಕರ ಕೋಣೆಗೆ ನುಗ್ಗಿದೆ. ಎಲ್ಲ ಹೇಳಿದೆ. ಮುದ್ದೆ ಒಣಗಿದ್ದು, ಕೈ ಸವರಿದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮನಸ್ಸಿಗೆ ತಾಗಿತೇನೋ ಅಂದುಕೊಂಡೆ. ‘ಪಾಪ. ಅವರನ್ನು ಈ ಸಲ ಹುಟ್ಟುಹಬ್ಬಕ್ಕೆ ತಪ್ಪದೆ ಕರೀಬೇಕು. ಪರಂಪರೆ ಬಿಡಬಾರದು’ ಅಂದರು. ರಾಜಧಾನಿಯಿಂದ ಅತಿಥಿಗಳು ಬರುತ್ತಾರೆ, ಊರಿನ ಈ ಪದ್ಧತಿಯ ಬಗ್ಗೆ ಅವರಿಗೆ ತುಂಬಾ ಕುತೂಹಲವಿದೆ, ನೇರಪ್ರಸಾರ ಮಾಡೋಣ, ನೀವೂ ಚೆಲ್ಲೋ ಹಿಡಿದು ಕೂರಿ, ಫೋಟೋದಲ್ಲಿ ಲಕ್ಷಣವಾಗಿರತ್ತೆ ಅಂದರು. ನಾನು ಪೆದ್ದಿ, ಆ ಮನುಷ್ಯ ಸೋತು ದಾರಿಗೆ ಬಂದ ಅಂದುಕೊಂಡೆ. ಸಣ್ಣೀರಮ್ಮನಿಗೆ ಹೋಗಿ ಹೇಳಿದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ಮೈಕಿನ ಮುಂದೆ ಕೂತರೆ ಪದ್ಧತಿ ಪ್ರಕಾರ ಮೊದಲ ದನಿ ತನ್ನದೇ, ಆಗ ಮಾತು ತಾನಾಗಿ ಬರುತ್ತದೆ ಅಂತ ಅವಳ ಲೆಕ್ಕ. ಜವರಯ್ಯನಿಗೂ ಹೇಳಿದೆ, ‘ತಾತ, ಹುಟ್ಟುಹಬ್ಬದ ದಿನ ರೇಡಿಯೋ ಹಚ್ಚಿಕೊಂಡು ಕೂತಿರು. ಅವಳು ಮಾತಾಡ್ತಾಳೆ.’ ಅವನು ತಟ್ಟೆಗಾಗಿ ಕೈಯಾಡಿಸಿದ.

ಹುಟ್ಟುಹಬ್ಬದ ಬೆಳಿಗ್ಗೆ ಸಣ್ಣೀರಮ್ಮ ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಪುರಿಯ ಒಂದು ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬಂದಳು. ಮನೆಯಲ್ಲಿ ಪಕ್ಕದ ಹೊಲಿಗೆ ಅಂಗಡಿಯವರು ಜವರಯ್ಯನ ಮುಂದೆ ರೇಡಿಯೋ ಇಟ್ಟಿದ್ದರು. ಸ್ಟುಡಿಯೋದಲ್ಲಿ ಅತಿಥಿಗಳು, ಹಾರಗಳು, ಫೋಟೋದವರು. ಹಿರಿಯರ ಕುರ್ಚಿಯ ಹಿಂದೆ ಎಂದೂ ಇಲ್ಲದ ಒಂದು ಪರದೆ ಕಟ್ಟಿದ್ದರು. ಅಲಂಕಾರಕ್ಕೆ ಇರಬೇಕು ಅಂದುಕೊಂಡೆ. ಸ್ಟೂಲಿನ ಮೇಲೆ ಶ್ರುತಿಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಲೇ ಇತ್ತು.

ಕೆಂಪು ಬಲ್ಬು ಹತ್ತಿತು, ಪ್ರಸಾರ ಶುರುವಾಯಿತು. ನಿರ್ದೇಶಕರು ಪರಂಪರೆ, ಹಿರಿಯರು, ಆಶೀರ್ವಾದ ಅಂತ ಚೆನ್ನಾಗಿ ಮಾತಾಡಿದರು. ‘ಈಗ ನಮ್ಮ ಊರಿನ ಹಿರಿಯ ಜೀವ ಶ್ರೀಮತಿ ಸಣ್ಣೀರಮ್ಮನವರು ಷಡ್ಜ ನೀಡುತ್ತಾರೆ.’ ಸಣ್ಣೀರಮ್ಮ ಮೈಕಿಗೆ ಬಾಗಿ ಬಾಯಿ ತೆರೆದಳು.

ಸಾ ಅಂತ ಬಂತು. ಎಳೆಯ, ನಯವಾದ, ಎತ್ತರದ ಸಾ. ಪರದೆಯ ಹಿಂದೆ ನಿಲಯಕ್ಕೆ ಹೊಸದಾಗಿ ಸೇರಿದ ಗಾಯಕಿಯನ್ನು ಕೂರಿಸಿದ್ದರು. ಅತಿಥಿಗಳು ತಲೆದೂಗಿದರು. ಸಣ್ಣೀರಮ್ಮ ಮೊದಲು ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಬಾಯಿ ಮುಚ್ಚಿದಳು. ಅವಳು ಮುಚ್ಚಿದ ಮೇಲೂ ಸಾ ಬರುತ್ತಲೇ ಇತ್ತು. ಹಿಂದಕ್ಕೆ ತಿರುಗಿ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನೀನೂ ಇದರಲ್ಲಿ ಇದ್ದೀಯಾ ಅಂತ ಕೇಳಿದ ಹಾಗಿತ್ತು. ಆ ಹೊತ್ತಿಗೆ ರೇಡಿಯೋ ಮುಂದೆ ಕೂತ ಮುದುಕ ಏನಂದುಕೊಂಡಿರಬೇಕು? ಅವಳು ಮಾತಾಡುತ್ತಾಳೆ ಅಂತ ನಾನೇ ಹೇಳಿ ಬಂದಿದ್ದೆ. ಬಂದದ್ದು ಯಾರೋ ಹುಡುಗಿಯ ದನಿ. ಇನ್ನು ಅವಳು ಸತ್ತೇಹೋದಳು ಅಂತ ಅವನಿಗೆ ಖಾತ್ರಿಯಾಗಿರುತ್ತದೆ. ನನಗೆ ತಲೆಗೆ ರಕ್ತ ಏರಿತು.

ಶ್ರುತಿ ಕೂಡಿಸುವ ಹೊತ್ತು. ಪದ್ಧತಿಯಂತೆ ಮೊದಲು ಚೆಲ್ಲೋ. ನಾನು ಕಮಾನು ಎಳೆದೆ, ಎಳೆಯುತ್ತಲೇ ಎಡಗೈಯಲ್ಲಿ ಬಿರಡೆ ಸಡಿಲಿಸತೊಡಗಿದೆ. ಷಡ್ಜ ಇಳಿಯಿತು. ನಿರ್ದೇಶಕರು ಮುಗುಳ್ನಗುತ್ತಲೇ ನನ್ನ ಕಡೆ ಕಣ್ಣು ಕೆಕ್ಕರಿಸಿದರು. ಇನ್ನೂ ಇಳಿಸಿದೆ. ಹೋದ ವರ್ಷದ ಸಣ್ಣೀರಮ್ಮನ ಶ್ರುತಿ ನನ್ನ ಬೆರಳಿಗೆ ನೆನಪಿತ್ತು, ಅಲ್ಲಿಗೆ ತಂದು ನಿಲ್ಲಿಸಿದೆ. ಆದರೆ ಒಂದು ಚೆಲ್ಲೋದಿಂದ ಊರು ಇಳಿಯುವುದಿಲ್ಲ. ಎಲ್ಲರೂ ಕೂಡಬೇಕು. ನಾನು ಒಬ್ಬಳೇ ಎಳೆಯುತ್ತಾ ಸೇತುರಾಮನ ಕಡೆ ನೋಡಿದೆ.

ಅವನ ಪಿಟೀಲು ಗದ್ದದ ಕೆಳಗಿತ್ತು, ಕಮಾನು ಗಾಳಿಯಲ್ಲಿ ನಿಂತಿತ್ತು. ಅವನು ನಿರ್ದೇಶಕರನ್ನು ನೋಡಿದ. ಆಮೇಲೆ ಸಣ್ಣೀರಮ್ಮನನ್ನು ನೋಡಿದ. ಅವಳು ಪುರಿಯ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ‘ನಮ್ಮಮ್ಮ ಆ ಗಂಟೆ ಮುಟ್ಟೋದೇ ಇಲ್ಲ ಸುಭದ್ರಾ’ ಅಂದ, ಮೈಕಿಗೆ ಕೇಳಿಸದ ಹಾಗೆ. ಬಿರಡೆಗೆ ಕೈ ಹಾಕಿದ.

ಅವನ ತಂತಿ ಇಳಿದು ನನ್ನದಕ್ಕೆ ಕೂಡಿತು. ಅವನ ಹಿಂದಿನ ಪಿಟೀಲುಗಳು ಕೂಡಿದವು. ಸಿತಾರು ಕೂಡಿತು. ಕೊಳಲಿನವನು ಕೈಯಲ್ಲಿದ್ದ ಚಿಕ್ಕ ಕೊಳಲನ್ನು ಕೆಳಗಿಟ್ಟು, ಚೀಲದ ತಳದಿಂದ ಉದ್ದನೆಯದನ್ನು ಎಳೆದು ಒರೆಸಿ ತುಟಿಗಿಟ್ಟ. ಇಷ್ಟು ದಿನ ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದನಲ್ಲ ಪುಣ್ಯಾತ್ಮ. ತಬಲಾದವನು ಸುತ್ತಿಗೆಯಿಂದ ತಬಲಾದ ಪಕ್ಕದ ಮರದ ತುಂಡುಗಳನ್ನು ತಟ್ಟಿ ತಟ್ಟಿ ಇಳಿಸಿದ, ಹಾಗೇ ಪಕ್ಕದಲ್ಲಿ ಕಿರುಗುಡುತ್ತಿದ್ದ ಶ್ರುತಿಪೆಟ್ಟಿಗೆಗೂ ಒಂದು ಬಿಟ್ಟ. ಕೆಂಪು ದೀಪ ಆರಿತು.

ಊರು ಇಳಿಯಿತು. ಗೋಡೆಯ ಆಚೆ ಬಸ್ಸಿನ ಹಾರನ್ನು ಕೂಗುತ್ತಿದ್ದಂತೆಯೇ ದಪ್ಪಗಾಯಿತು. ನಿರ್ದೇಶಕರು ಮೈಕಿಗೆ ಧಾವಿಸಿ, ‘ಪ್ರಿಯ ಶ್ರೋತೃಗಳೇ, ತಾಂತ್ರಿಕ ಕಾರಣಗಳಿಂದ’ ಅಂದರು. ಅಂದದ್ದು ಕೋಣದ ದನಿಯಲ್ಲಿ ಹೊರಬಂತು. ಅದು ಅವರ ಕಿವಿಗೇ ಬಿತ್ತು, ಬಾಯಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದರು. ಗಾಜಿನ ಆಚೆ ಎಂಜಿನಿಯರು ಪ್ರಸಾರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಒತ್ತಲಿಲ್ಲ.

ಸಣ್ಣೀರಮ್ಮ ಒಮ್ಮೆ ಕೆಮ್ಮಿದಳು. ಕೆಮ್ಮು ಕೇಳಿಸಿತು. ಅವಳು ಸಾ ಅನ್ನಲಿಲ್ಲ. ಮೈಕಿಗೆ ಬಾಯಿ ತಾಗುವಷ್ಟು ಬಗ್ಗಿ ಹೇಳಿದಳು:

‘ಇಗಾ. ಕೇಳ್ತಾ? ಇಲ್ಲೇ ಇವ್ನಿ ಕನ.’

ಆಮೇಲೆ ಅವಳನ್ನು ಯಾರು ತಡೆಯುತ್ತಾರೆ? ‘ಎಲ್ಲೂ ಹೋಗಿಲ್ಲ ಕನ, ಗಂಟ್ಲು ಕಟ್ಟಿತ್ತು ಅಷ್ಟೆಯ. ಮುನುಸ್ಕಂಡಿಲ್ಲ. ನಿನ್ ಮ್ಯಾಲೆ ಮುನುಸ್ಕಂಡು ನಾನೆಲ್ಲಿಗೋಗ್ಲಿ? ಇಲ್ಲೊಂದು ದೊಡ್ಡ ಕ್ವಾಣೆ ಅದೆ. ಗ್ವಾಡೆಗೆಲ್ಲ ಹಾಸ್ಗೆ ಹೊದ್ಸವ್ರೆ, ಗ್ವಾಡೆಗೆ ಚಳಿಯಾದದು ಅಂತ್ಲೋ ಏನೋ. ಸುಬದ್ರವ್ವ ದೊಡ್ಡ ಪಿಟೀಲು ತಬ್ಕಂಡು ಅಳ್ತಾ ಕೂತವ್ಳೆ. ಸೂಟಾಕಂಡೋನೊಬ್ಬ ಬಾಯ್ ಮುಚ್ಕಂಡು ನಿಂತವ್ನೆ. ಮುದ್ದೆ ಉಂಡ್ಯಾ? ಎಡಕ್ಕೆ ಮಡಗಿ ಬಂದಿವ್ನಿ, ಬಲಕ್ಕೆ ಗೊಜ್ಜು.’ ಅಷ್ಟು ತಿಂಗಳ ಬೀದಿಯನ್ನೆಲ್ಲ ಅವಳು ಎಲ್ಲೋ ಜೋಪಾನ ಮಾಡಿಟ್ಟಿದ್ದಳು. ಯಾರ ಮನೆಗೆ ಬಣ್ಣ ಹೊಡೆದರು, ಯಾರು ಯಾರ ಜೊತೆ ಮಾತು ಬಿಟ್ಟರು, ಸೇಟು ಮಗ ಸ್ಕೂಟರಿನಿಂದ ಬಿದ್ದದ್ದು, ಎಲ್ಲ ಹೇಳಿದಳು. ಊರೆಲ್ಲ ಕೇಳಿಸಿಕೊಂಡಿತು. ಮನೆಮನೆಗಳಲ್ಲಿ ಅಜ್ಜ ಅಜ್ಜಿಯರು ಬಾಯಿ ಬಿಟ್ಟರಂತೆ. ನನ್ನ ಪಕ್ಕದ ಮನೆಯ ಅತ್ತೆ ಮೊದಲು ಆಡಿದ ಮಾತು ‘ನೆಮ್ಮದಿಯಾ?’ ಅಂತ. ಸೊಸೆ ಆ ದಿನವೆಲ್ಲ ಹಿತ್ತಲಲ್ಲೇ ಇದ್ದಳು.

ನಮಗೆ ಶಿಕ್ಷೆಯಾಗದೆ ಇರುತ್ತದೆಯೇ? ವಾರದೊಳಗೆ ವಾದ್ಯವೃಂದವನ್ನೇ ಮುಚ್ಚಿದರು. ಗುಣಮಟ್ಟ ಕುಸಿದಿದೆ ಅಂತ ಕಾರಣ ಕೊಟ್ಟರು, ಪುಸ್ತಕದಲ್ಲೂ ಹಾಗೇ ಬರೆದಿದ್ದಾರೆ. ವಾದ್ಯಗಳನ್ನು ಕೋಣೆಗೆ ಹಾಕಿ ಬೀಗ ಜಡಿದರು. ಅಂದಿನಿಂದ ರಾಜಧಾನಿಯಿಂದ ಬಂದ ರೆಕಾರ್ಡು ಹಾಕುತ್ತಾರೆ. ಅವರು ಯೋಚಿಸದೆ ಬಿಟ್ಟ ಸಂಗತಿ ಒಂದೇ. ಮತ್ತೆ ಶ್ರುತಿ ಕೂಡಿಸುವವರೇ ಇಲ್ಲದ ಮೇಲೆ ಊರು ಆ ದಿನದ ಶ್ರುತಿಯಲ್ಲೇ ನಿಂತುಬಿಟ್ಟಿತು. ಇವತ್ತಿಗೂ ಅಲ್ಲೇ ಇದೆ. ಚಂದ್ರಕೀರ್ತಿಯವರು ವರ್ಗ ಮಾಡಿಸಿಕೊಂಡು ಹೋಗುವ ದಿನ ರೈಲು ಕೂಡ ಸಣ್ಣೀರಮ್ಮನ ಷಡ್ಜದಲ್ಲೇ ಕೂಗಿ ಅವರನ್ನು ಕಳಿಸಿಕೊಟ್ಟಿತು.

ಸಣ್ಣೀರಮ್ಮ ಹೋದ ವರ್ಷ ತೀರಿಕೊಂಡಳು, ಪುರಿ ಹುರಿಯುತ್ತಾ, ಮಾತಾಡುತ್ತಾ, ಒಂದು ವಾಕ್ಯದ ಅರ್ಧದಲ್ಲಿ. ಆ ಪುಸ್ತಕ ಬಂದ ಸಿಟ್ಟಿನಲ್ಲಿ ನಾನು ಅದನ್ನು ಎತ್ತಿಕೊಂಡು ಜವರಯ್ಯನ ಮನೆಗೆ ಹೋದೆ. ಇದರಲ್ಲಿ ಅವಳ ಹೆಸರಿಲ್ಲ ತಾತ, ಅಡಚಣೆ ಅಂತ ಬರೆದಿದ್ದಾರೆ, ಇದಕ್ಕೆ ಏನು ಮಾಡೋಣ ಹೇಳು ಅಂದೆ. ಮಾತಿನ ಭರದಲ್ಲಿ ನನ್ನ ಮೊಣಕೈ ತಾಗಿ ಜಗಲಿಯ ಮೇಲಿದ್ದ ಹಿತ್ತಾಳೆ ಚೊಂಬು ಉರುಳಿ ಬಿತ್ತು. ಠಣ್ಣೆಂದು ಬೀದಿಯ ಕೊನೆಯವರೆಗೂ ಕೇಳಿಸಿತು, ಅದೇ ಷಡ್ಜ.

ಜವರಯ್ಯ ನನ್ನ ಕಡೆ ತಿರುಗಲಿಲ್ಲ. ಚೊಂಬು ಬಿದ್ದ ಕಡೆಗೆ ಮುಖ ಎತ್ತಿದ.

‘ಹ್ಞೂ ಕಣೆ,’ ಅಂದ, ‘ಕೇಳ್ತು.’